ನೀರಿನಡಿಯ ಜೊತೆಗಾರ

ಘಾಟ್ಕೋಪರ್ ನಿಲ್ದಾಣದ ಸಂಜೆಯ ಜನಸಂದಣಿಯಲ್ಲಿ ಗೆಳೆಯನು ಕಣ್ಮರೆಯಾದರೆ ನಾವು ಹೆಸರು ಹಿಡಿದು ಕೂಗುತ್ತೇವೆ. ಅವನು ಓಗೊಡುತ್ತಾನೆ, ನಾವು ಆ ದಿಕ್ಕಿಗೆ ತಿರುಗುತ್ತೇವೆ. ಕಡಲಿನ ಅಡಿಯಲ್ಲಿ ಈ ಅನುಕೂಲವಿಲ್ಲ. ಉಸಿರಾಟದ ನಳಿಗೆಯನ್ನು ಬಾಯಲ್ಲಿ ಕಚ್ಚಿಕೊಂಡಿರುವ ಮುಳುಗಾಳು ಕೂಗುವುದೆಂತು?

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರು ಸಾಗಿದರೆ ನೇತ್ರಾಣಿ ಎಂಬ ನಡುಗಡ್ಡೆ ಸಿಗುತ್ತದೆ. ಹವಳ, ಚಿಟ್ಟೆಮೀನು, ಗಿಳಿಮೀನುಗಳನ್ನು ಕಾಣಲು ಮಳೆಗಾಲ ಕಳೆದ ಮೇಲೆ ಸ್ಕೂಬಾ ಮುಳುಗಾಳುಗಳು ಅಲ್ಲಿಗೆ ಬರುತ್ತಾರೆ. ಮೊದಲ ಸಲ ಇಳಿಯುವವನನ್ನು ಶಿಕ್ಷಕನೇ ಹಿಡಿದುಕೊಂಡಿರುವನು. ತರಬೇತಿ ಮುಗಿಸಿದವರಾದರೋ ಇಬ್ಬಿಬ್ಬರಾಗಿ ಇಳಿದು, ಎರಡು-ಮೂರು ಬೀಸು ಈಜಿ ಮುಟ್ಟಬಹುದಾದ ದೂರದಲ್ಲಿಯೇ ಇರಬೇಕೆಂಬುದು ಲೋಕದಲ್ಲೆಲ್ಲ ನಡೆದುಬಂದ ಕ್ರಮ.

ಬೆನ್ನಿನ ಸಿಲಿಂಡರಿನಲ್ಲಿರುವುದು ಬರಿಯ ಆಮ್ಲಜನಕವೆಂದು ಹಲವರು ತಿಳಿದಿದ್ದಾರೆ, ಅದು ಸರಿಯಲ್ಲ. ಸಾಮಾನ್ಯವಾಗಿ ಅದರಲ್ಲಿರುವುದು ನಾವು ಉಸಿರಾಡುವ ಗಾಳಿಯೇ, ಸುಮಾರು 200 ಪಟ್ಟು ಒತ್ತಡದಲ್ಲಿ ತುಂಬಿದ್ದು. ನೀರಿನಲ್ಲಿ ಪ್ರತಿ 10 ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವುದು. 20 ಮೀಟರು ಆಳದಲ್ಲಿ ಅದು ಮೇಲಿನದರ ಮೂರು ಪಟ್ಟಾಗುವುದು. ಆದುದರಿಂದ ಪ್ರತಿ ಉಸಿರಿಗೂ ಮೂರು ಪಟ್ಟು ಗಾಳಿ ವೆಚ್ಚವಾಗುವುದು. ಅಲ್ಲಿ ಉಪಕರಣ ಕೆಟ್ಟರೆ ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮುವಂತಿಲ್ಲ. ಏರಿದಂತೆಲ್ಲ ಒತ್ತಡ ಇಳಿದು, ಶ್ವಾಸಕೋಶದೊಳಗಿನ ಗಾಳಿ ಹಿಗ್ಗಿ ಅದನ್ನು ಹರಿದೀತು. ಹೀಗಿರಲು ಅತ್ಯಂತ ಹತ್ತಿರದ ಗಾಳಿಯೆಂದರೆ ಜೊತೆಗಾರನ ಬೆನ್ನಿನ ಮೇಲಿರುವುದೇ. ಅದಕ್ಕಾಗಿಯೇ ಪ್ರತಿಯೊಬ್ಬನ ಸಿಲಿಂಡರಿಗೂ ಎರಡನೆಯ ಬಾಯಿನಳಿಗೆಯೊಂದನ್ನು ಜೋಡಿಸಿರುವರು: ಅದು ಮುಖ್ಯವಾಗಿ ಇನ್ನೊಬ್ಬನಿಗೆ. ಉಸಿರನ್ನು ಹೊರಬಿಟ್ಟ ಗಳಿಗೆಯಲ್ಲಿಯೇ ಗಾಳಿ ನಿಂತವನಿಗೆ ಹತ್ತು ಮೀಟರು ಈಜುವುದೂ ಬಹುದೂರವೇ.

ಮಾತಿಲ್ಲದೆಡೆಯಲ್ಲಿ ಕೈಸನ್ನೆಯೇ ಭಾಷೆ. ಹೆಬ್ಬೆರಳಿಗೆ ತೋರುಬೆರಳು ಸೇರಿಸಿ ಉಂಗುರ ಮಾಡಿದರೆ ‘ಕ್ಷೇಮ’. ಅಂಗೈಯನ್ನು ಗಂಟಲಿಗೆ ಅಡ್ಡವಾಗಿ ಎಳೆದರೆ ‘ಗಾಳಿ ಇಲ್ಲ’. ಹೆಬ್ಬೆರಳೆತ್ತಿದರೆ ಮಾತ್ರ ‘ಶಾಭಾಸ್’ ಅಲ್ಲ, ‘ಮೇಲಕ್ಕೆ ಹೋಗೋಣ’! ಆದರೆ ಸನ್ನೆಯನ್ನು ನೋಡುವವನು ಹತ್ತಿರವಿರಬೇಕಷ್ಟೆ. ಸಿಲಿಂಡರನ್ನು ತಟ್ಟಿ ಕರೆಯಬಾರದೇಕೆ ಎಂದು ವಾಚಕರು ಕೇಳಬಹುದು. ಸದ್ದು ಕೇಳಿಸುವುದು, ದಿಕ್ಕು ತಿಳಿಯದು. ಎರಡು ಕಿವಿಗಳಿಗೆ ಸದ್ದು ತಲಪುವ ಕಾಲದಲ್ಲಿರುವ ಅತ್ಯಲ್ಪ ಅಂತರದಿಂದ ನಾವು ದಿಕ್ಕನ್ನು ಗುರುತಿಸುತ್ತೇವೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರು, ಎಂದರೆ ಗಾಳಿಯಲ್ಲಿ ಹರಿಯುವುದರ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಹರಿಯುವುದರಿಂದ ಆ ಅಂತರವೇ ಅಳಿಸಿಹೋದಂತಾಗುವುದು.

ಇಷ್ಟಾಗಿಯೂ ಚೆಂದದ ಮೀನೊಂದರ ಬೆನ್ನು ಹತ್ತಿ ಜೊತೆ ತಪ್ಪುವುದುಂಟು. ಆಗ ಸುತ್ತಲೂ ಮೇಲೂ ಕೆಳಗೂ ನೋಡಿ, ಏಳುವ ಗುಳ್ಳೆಗಳನ್ನು ಅರಸಬೇಕು. ಒಂದು ನಿಮಿಷದಲ್ಲಿ ಕಾಣದಿದ್ದರೆ ನಿಧಾನವಾಗಿ ಮೇಲೇರಬೇಕು. ಗೆಳೆಯನನ್ನು ತೊರೆದು ಬಂದಂತಾಗದೆ ಎಂದು ನಮಗೂ ಮೊದಲು ತೋರಿತ್ತು. ಆದರೆ ಇಬ್ಬರೂ ಅದೇ ಒಪ್ಪಂದ ಮಾಡಿಕೊಂಡು ಇಳಿದಿರುತ್ತಾರೆ. ಅವನೂ ಒಂದು ನಿಮಿಷ ಹುಡುಕಿ ಮೇಲೇರುತ್ತಿರುವನು. ಒಬ್ಬನು ಬಂದು ಇನ್ನೊಬ್ಬನು ಬಾರದಿದ್ದರೆ ದೋಣಿಯವರಿಗೆ ಅದೇ ಅಪಾಯದ ಸೂಚನೆ. ಒಪ್ಪಂದ ಮರೆತು ಕೆಳಗೇ ಅಲೆಯುವವನು, ತಾನು ಕ್ಷೇಮವಾಗಿದ್ದರೂ, ಮೇಲೆ ಬಂದವರನ್ನು ಮತ್ತೆ ನೀರಿಗಿಳಿಸುತ್ತಾನೆ.