ಹಿತ್ತಿಲ ಕೋಳಿ: ಕಾವಿನಿಂದ ಎಂಟನೆಯ ವಾರದವರೆಗೆ

ಹಿತ್ತಿಲಲ್ಲಿ ನಾಲ್ಕಾರು ನಾಟಿ ಕೋಳಿ ಸಾಕಿಕೊಂಡಿರುವ ಮನೆಯವರಿಗೆ ಈ ಲೆಕ್ಕ ಹೊಸದಲ್ಲ. 12 ಮೊಟ್ಟೆ ಇಟ್ಟು ಕೋಳಿಯನ್ನು ಕಾವಿಗೆ ಕೂರಿಸಿದಿರಿ. 9 ಮರಿ ಹೊರಬಂದವು. ಮನೆಯ ಮಕ್ಕಳೆಲ್ಲ ಬುಟ್ಟಿಯ ಸುತ್ತ ನೆರೆದರು. ತಿಂಗಳು ತುಂಬುವಷ್ಟರಲ್ಲಿ ಕಾಗೆ ಒಂದನ್ನು ಎತ್ತಿಕೊಂಡು ಹೋಯಿತು, ಹದ್ದು ಇನ್ನೊಂದನ್ನು, ಬೆಕ್ಕು ಎರಡನ್ನು. ಒಂದೇ ಮಳೆಗೆ ನೆನೆದು ಎರಡು ಮುದುಡಿಕೊಂಡು ಸತ್ತವು. ಕೊನೆಗೆ ಉಳಿದದ್ದು ಮೂರು. "ಈ ಸಲ ನಮ್ಮ ಋಣ ಇಷ್ಟೇ" ಎಂದು ಸುಮ್ಮನಾದಿರಿ.

ಇದರಲ್ಲಿ ಋಣಕ್ಕಿಂತ ಅಜಾಗ್ರತೆಯ ಪಾಲೇ ಹೆಚ್ಚು. ನಾಟಿ ಹೇಂಟೆ ವರ್ಷಕ್ಕೆ ಇಡುವುದು ಸುಮಾರು 50-60 ಮೊಟ್ಟೆ. ಅದನ್ನು ಇಮ್ಮಡಿ ಮಾಡುವುದು ನಿಮ್ಮ ಕೈಯಲ್ಲಿಲ್ಲ. ಆದರೆ 9 ಮರಿಗಳಲ್ಲಿ 3 ಉಳಿಯುವ ಕಡೆ 7 ಉಳಿಸಿಕೊಳ್ಳುವುದು ಖಂಡಿತ ಸಾಧ್ಯ. ಬಹಳಷ್ಟು ಮನೆಗಳಲ್ಲಿ ಕೋಳಿಯ ದುಡ್ಡು ಹೆಂಗಸರ ಕೈಯ ದುಡ್ಡು. ಮಗುವಿನ ಪುಸ್ತಕಕ್ಕೋ ಔಷಧಿಗೋ ಯಾರನ್ನೂ ಕೇಳದೆ ತೆಗೆದುಕೊಡಬಹುದಾದ ಹಣ. ಆದ್ದರಿಂದ ಹಿತ್ತಿಲಲ್ಲಿ ಸತ್ತ ನಾಲ್ಕು ಮರಿಗಳ ನಷ್ಟ ಸಣ್ಣದೇನಲ್ಲ.

ಮೊದಲು ಕಾವಿಗೆ ಕೂರುವ ಕೋಳಿಯ ವಿಷಯ. 12-15 ಮೊಟ್ಟೆ ಇಟ್ಟು ಮುಗಿಸಿದ ಹೇಂಟೆ ಗೂಡು ಬಿಟ್ಟು ಏಳುವುದಿಲ್ಲ, ಗರಿ ಕೆದರಿಕೊಂಡು ಗುರುಗುಟ್ಟುತ್ತದೆ, ಕೈ ಹಾಕಿದರೆ ಕುಕ್ಕುತ್ತದೆ. ಎದೆಯ ಗರಿಯನ್ನು ತಾನೇ ಕಿತ್ತುಕೊಂಡು ಬರಿ ಚರ್ಮ ಮೊಟ್ಟೆಗೆ ತಾಗುವಂತೆ ಮಾಡಿಕೊಳ್ಳುತ್ತದೆ. ಹೆಚ್ಚು ಮೊಟ್ಟೆಗಾಗಿ ಬೆಳೆಸಿದ ತಳಿಗಳಲ್ಲಿ ಈ ಗುಣ ಬಹುಮಟ್ಟಿಗೆ ಹೋಗಿಬಿಟ್ಟಿದೆ. 1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೆಬ್ಬಾಳದಿಂದ ಹೊರತಂದ ಗಿರಿರಾಜ ಕೋಳಿಯನ್ನು ನೀವು ಬಲ್ಲಿರಿ; ಅನಂತರ ಸ್ವರ್ಣಧಾರಾ ಬಂದಿತು. ಬಣ್ಣದಲ್ಲಿ ನಾಟಿಯಂತೆ, ತೂಕದಲ್ಲಿ ಅದಕ್ಕಿಂತ ಮುಂದೆ. ಆದರೆ ಗಿರಿರಾಜ ಹೇಂಟೆ ಕಾವಿಗೆ ಕೂರುತ್ತದೆಂದು ನಂಬಿ ಕಾಯಬೇಡಿ. ಅದರ ಮೊಟ್ಟೆಗೂ ನಾಟಿ ತಾಯಿಯೇ ಬೇಕು. ಗಾತ್ರ ದೊಡ್ಡದಾದ್ದರಿಂದ 8-9ಕ್ಕಿಂತ ಹೆಚ್ಚು ಇಟ್ಟರೆ ಅಂಚಿನ ಮೊಟ್ಟೆಗಳಿಗೆ ಶಾಖ ಸಾಲದು. ಹಾಗೆ ಮಾಡಿಸಿದ ಮರಿಗಳಲ್ಲಿ ತಾಯ್ತಂದೆಯ ಗುಣ ಪೂರ್ತಿ ಉಳಿಯುವ ಭರವಸೆಯೂ ಇಲ್ಲ. ಆದ್ದರಿಂದ, ಎಷ್ಟೇ ಒಳ್ಳೆಯ ತಳಿ ತಂದರೂ ಮರಿ ಮಾಡುವುದರಲ್ಲಿ ಪಳಗಿದ ಒಂದೆರಡು ನಾಟಿ ಹೇಂಟೆಗಳನ್ನು ಮಾರಬೇಡಿ. ಹಬ್ಬದ ಹಿಂದಿನ ದಿನ ಎಂಥ ಬೆಲೆ ಬಂದರೂ ಸರಿ.

ಎರಡನೆಯದು ಮೊಟ್ಟೆ. ನಾನು ಮೊದಲ ಬಾರಿಗೆ ಸ್ವತಂತ್ರವಾಗಿ ಕೋಳಿ ಕೂರಿಸಿದಾಗ 12ರಲ್ಲಿ 2 ಮಾತ್ರ ಒಡೆದವು. ಕೋಳಿಯನ್ನು ಬೈದೆ. ತಪ್ಪು ನನ್ನದೇ ಎಂದು ತಿಳಿದದ್ದು ಆಮೇಲೆ. ಏಪ್ರಿಲ್ ತಿಂಗಳಲ್ಲಿ ಹದಿನೈದು ದಿನ ಆ ಮೊಟ್ಟೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಕೂಡಿಟ್ಟಿದ್ದೆ. ಮೊಟ್ಟೆ ಕೋಳಿಯ ಹೊಟ್ಟೆಯಲ್ಲಿ ಸುಮಾರು ಒಂದು ದಿನ ಇರುತ್ತದಲ್ಲ, ಆ ಶಾಖಕ್ಕೆ ಭ್ರೂಣದ ಬೆಳವಣಿಗೆ ಅಲ್ಲೇ ಶುರುವಾಗಿರುತ್ತದೆ. ಹೊರಬಂದು ತಣ್ಣಗಾದ ಮೇಲೆ ಅದು ನಿದ್ದೆ ಹೋದಂತೆ ನಿಲ್ಲುತ್ತದೆ. ಇಟ್ಟ ಜಾಗ ಬೆಚ್ಚಗಿದ್ದರೆ ಅದು ನಿಲ್ಲದೆ ಅರೆಬರೆಯಾಗಿ ಬೆಳೆಯುತ್ತಾ ಹೋಗಿ, ನಿಜವಾದ ಕಾವು ಸಿಗುವ ಮೊದಲೇ ಸಾಯುತ್ತದೆ. ಫ್ರಿಜ್ಜಿನ ಚಳಿಯೂ ಅದಕ್ಕೆ ಆಗದು. ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಒದ್ದೆ ಮರಳು ಹಾಕಿ, ಮೇಲೆ ಬಟ್ಟೆ ಹಾಸಿ, ನೆರಳಿನ ಮೂಲೆಯಲ್ಲಿ ಚೂಪು ತುದಿ ಕೆಳಗಾಗಿ ಜೋಡಿಸಿಡಿ. ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ತಾರೀಖು ಬರೆಯಿರಿ. 7 ದಿನ ದಾಟಿದ್ದು ಕಾವಿಗೆ ಬೇಡ. ಬೇಸಿಗೆಯಲ್ಲಿ 4 ದಿನವೇ ಸಾಕು. ಕೊಳೆಯಾದ ಮೊಟ್ಟೆಯನ್ನು ತೊಳೆದು ಇಡುವವರಿದ್ದಾರೆ. ತೊಳೆದರೆ ಚಿಪ್ಪಿನ ಸಾವಿರಾರು ಸಣ್ಣ ರಂಧ್ರಗಳನ್ನು ಮುಚ್ಚಿರುವ ಪೊರೆ ಹೋಗಿ ರೋಗಾಣುಗಳಿಗೆ ದಾರಿಯಾಗುತ್ತದೆ. ಕೊಳೆ ಮೊಟ್ಟೆಯನ್ನು ಅಡಿಗೆಗೆ ಬಳಸಿ.

ಅಂಗಡಿಯ ಬಿಳಿ ಮೊಟ್ಟೆಯಿಂದ ಮರಿ ಬರುವುದೇ ಎಂದು ಮಕ್ಕಳು ಕೇಳುತ್ತಾರೆ. ಅಂಥ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ, ಆದ್ದರಿಂದ ಬರುವುದಿಲ್ಲ. ನಿಮ್ಮಲ್ಲಿ 8-10 ಹೇಂಟೆಗೆ ಒಂದು ಹುಂಜವಿರಲಿ. ವರ್ಷಗಟ್ಟಲೆ ಒಂದೇ ಹುಂಜವನ್ನು ಇಟ್ಟುಕೊಂಡರೆ ಅದು ತನ್ನ ಮಕ್ಕಳ ಜೊತೆಗೇ ಕೂಡಿ, ಮರಿಗಳು ಬಲಹೀನವಾಗುತ್ತವೆ. ಒಂದೆರಡು ವರ್ಷಕ್ಕೊಮ್ಮೆ ಪಕ್ಕದ ಊರಿನ ನೆಂಟರೊಂದಿಗೆ ಹುಂಜ ಬದಲಾಯಿಸಿಕೊಳ್ಳುವುದು ಖರ್ಚಿಲ್ಲದ ಉಪಾಯ.

ಇನ್ನು ಬುಟ್ಟಿ. ತಳದಲ್ಲಿ ಸ್ವಲ್ಪ ತೇವದ ಮಣ್ಣು ಅಥವಾ ಮರಳು, ಅದರ ಮೇಲೆ ಒಣ ಹುಲ್ಲು, ನಡುವೆ ಒಂದು ಹಿಡಿ ಬೇವಿನ ಸೊಪ್ಪು. ಕೂತ ಕೋಳಿಗೆ ಹೇನು, ಉಣ್ಣೆ ಹತ್ತಿದರೆ ಅದು ಅರ್ಧದಲ್ಲೇ ಎದ್ದುಬಿಡುತ್ತದೆ, ಅದಕ್ಕಾಗಿ ಬೇವು. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಕಬ್ಬಿಣದ ಚೂರು, ಇದ್ದಿಲು ಹಾಕುವ ವಾಡಿಕೆ ಕೆಲವು ಮನೆಗಳಲ್ಲಿ ಇದೆ. ಗುಡುಗು ಮೊಟ್ಟೆಯನ್ನು ಕೆಡಿಸದು. ಆ ಕಾಲದ ಸೆಕೆ ಕೆಡಿಸುತ್ತದೆ. ಅಜ್ಜಿಯ ಮನಸ್ಸಿಗೆ ಸಮಾಧಾನವಾಗುವುದಾದರೆ ಇದ್ದಿಲು ಇರಲಿ, ಹಾನಿಯಿಲ್ಲ. ಕೋಳಿಯನ್ನು ರಾತ್ರಿ ಹೊತ್ತು ಕೂರಿಸಿ, ಕತ್ತಲಲ್ಲಿ ಅದು ಜಾಗಕ್ಕೆ ಬೇಗ ಒಗ್ಗುತ್ತದೆ. ಸಾಧಾರಣ ಗಾತ್ರದ ಹೇಂಟೆಗೆ 10-12 ನಾಟಿ ಮೊಟ್ಟೆ. ಕಾಳು, ನೀರು ಹತ್ತಿರವೇ ಇಡಿ. ದಿನಕ್ಕೊಮ್ಮೆ ಅದು ಎದ್ದು ಹೋಗಿ ಹದಿನೈದು ಇಪ್ಪತ್ತು ನಿಮಿಷ ಹೊರಗಿದ್ದರೆ ಹೆದರಬೇಕಾಗಿಲ್ಲ.

ಏಳನೆಯ ರಾತ್ರಿ ಮೊಟ್ಟೆಗಳನ್ನು ಬೆಳಕಿಗೆ ಹಿಡಿದು ನೋಡಿ. ಹಿಂದೆ ಟಾರ್ಚು ಹುಡುಕಬೇಕಿತ್ತು, ಈಗ ಮೊಬೈಲಿನ ದೀಪವೇ ಸಾಕು. ರಟ್ಟಿನಲ್ಲಿ ಒಂದು ತೂತು ಮಾಡಿ ಅದರ ಮೇಲೆ ಮೊಟ್ಟೆಯ ಅಗಲ ತುದಿಯನ್ನಿಡಿ. ಜೇಡ ಕಾಲು ಚಾಚಿದಂತೆ ಕೆಂಪು ನರಗಳು ಕಂಡರೆ ಜೀವವಿದೆ. ಏನೂ ಕಾಣದಿದ್ದರೆ ಅದು ಬರಡು ಮೊಟ್ಟೆ. ರಕ್ತದ ಉಂಗುರ ಕಂಡರೆ ಭ್ರೂಣ ಸತ್ತಿದೆ. ಅವೆರಡನ್ನೂ ತೆಗೆದರೆ ಉಳಿದವಕ್ಕೆ ಶಾಖ ಚೆನ್ನಾಗಿ ಸಿಗುತ್ತದೆ.

ಕರೆಂಟಿನ ಸಣ್ಣ ಮರಿ ಮಾಡುವ ಪೆಟ್ಟಿಗೆಗಳೂ ಈಗ ಸಿಗುತ್ತವೆ. 37.5 ಡಿಗ್ರಿ ಸೆಲ್ಸಿಯಸ್ ಶಾಖ, ದಿನಕ್ಕೆ ಮೂರು ನಾಲ್ಕು ಬಾರಿ ಮೊಟ್ಟೆ ತಿರುಗಿಸುವುದು, ಕಡೆಯ 3 ದಿನ ತಿರುಗಿಸದೆ ತೇವ ಹೆಚ್ಚಿಸುವುದು, ಇಷ್ಟೂ ಅಲ್ಲಿ ನಿಮ್ಮ ಜವಾಬ್ದಾರಿ. ಕರೆಂಟು ಹೋದಾಗಿನ ಪೇಚಾಟ ಬೇರೆ. ಹತ್ತಿಪ್ಪತ್ತು ಮೊಟ್ಟೆಗಾದರೆ ಕೋಳಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇಪ್ಪತ್ತೊಂದನೆಯ ದಿನ ಚಿಪ್ಪು ಸೀಳುತ್ತದೆ. ಸೀಳಿದ ಮೇಲೂ ಮರಿ ಹೊರಬರಲು ಹಲವು ಗಂಟೆ, ಕೆಲವೊಮ್ಮೆ ಇಡೀ ದಿನ ಹಿಡಿಯುತ್ತದೆ. ಅವಸರಪಟ್ಟು ಚಿಪ್ಪು ಸುಲಿಯಬೇಡಿ. ಒಳಪೊರೆಯ ರಕ್ತನಾಳಗಳು ಇನ್ನೂ ಒಣಗಿರುವುದಿಲ್ಲ. ನಿಮ್ಮ ಉಪಕಾರದಿಂದ ಮರಿ ರಕ್ತ ಸುರಿದು ಸಾಯಬಹುದು. ಹೊರಬರುವ ಮೊದಲು ಅದು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆದ್ದರಿಂದ ಮೊದಲ ದಿನ ಕಾಳು ತಿನ್ನಲಿಲ್ಲವೆಂದು ಗಾಬರಿ ಬೇಡ.

ಇಲ್ಲಿಂದ ಮುಂದಿನ ಮೂರು ವಾರಗಳೇ ಗಂಡಾಂತರದ ಕಾಲ. ನಮ್ಮ ಪದ್ಧತಿಯಲ್ಲಿ ಮರುದಿನವೇ ತಾಯಿಯನ್ನು ಮರಿಗಳೊಂದಿಗೆ ಹೊರಗೆ ಬಿಡುತ್ತೇವೆ. ತಾಯಿ ಬೇಲಿ ದಾಟಿ ತಿಪ್ಪೆಯವರೆಗೆ ಹೋಗುತ್ತದೆ, ಮರಿಗಳು ಹಿಂದೆ ಓಡಲಾರದೆ ಚದುರುತ್ತವೆ, ಮೇಲೆ ಹದ್ದು ಸುತ್ತುತ್ತಿರುತ್ತದೆ. ಮೂರು ವಾರ ಅವನ್ನು ಬಲೆ ಕಟ್ಟಿದ ಜಾಗದಲ್ಲೋ ಬೋರಲು ಹಾಕಿದ ದೊಡ್ಡ ಮಂಕರಿಯಲ್ಲೋ ತಾಯಿಯ ಸಮೇತ ಕೂಡಿಹಾಕಿ. ಕೆಳಗೆ ಭತ್ತದ ಹೊಟ್ಟು ಹರಡಿ, ಒದ್ದೆಯಾದೊಡನೆ ಬದಲಿಸಿ. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿದರೆ ಮರಿ ಬಿದ್ದು ನೆನೆಯುವುದಿಲ್ಲ. ತಾಯಿಯಿಲ್ಲದ ಮರಿಗಳಾದರೆ ಬಲ್ಬು ತೂಗುಹಾಕಿ. ಮೊದಲ ವಾರ 95 ಡಿಗ್ರಿ ಫ್ಯಾರನ್‌ಹೀಟ್ ಇರಲಿ, ಆಮೇಲೆ ವಾರಕ್ಕೆ 5 ಡಿಗ್ರಿ ಇಳಿಸಿ. ಉಷ್ಣಮಾಪಕ ಇಲ್ಲದಿದ್ದರೆ ಮರಿಗಳನ್ನೇ ನೋಡಿ: ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಮೂಲೆಗೆ ಓಡಿ ಬಾಯಿ ಬಿಡುತ್ತಿದ್ದರೆ ಸೆಕೆ.

ಆಹಾರಕ್ಕೆ ಅಕ್ಕಿ ನುಚ್ಚು, ರಾಗಿ ಸಾಕೆಂದುಕೊಳ್ಳುತ್ತೇವೆ. ಮರಿಯ ಮೈ ತುಂಬುವುದಕ್ಕೆ ಬೇರೆಯದೂ ಬೇಕು. ಪುಡಿ ಮಾಡಿದ ಕಡಲೆಕಾಯಿ ಹಿಂಡಿ ಬೆರೆಸಿ. ಅದು ಬೂಷ್ಟು ಹಿಡಿದಿರಬಾರದು, ಹಿಡಿದಿದ್ದರೆ ವಿಷ. ಇನ್ನೊಂದು ನಮ್ಮ ಹಿರಿಯರ ಉಪಾಯ: ಹಳೆಯ ಮಡಕೆಗೆ ಗೋಣಿಚೂರು, ಒಣ ಸಗಣಿ ತುಂಬಿ ನೀರು ಚಿಮುಕಿಸಿ ಗೆದ್ದಲು ಇರುವ ಕಡೆ ಸಂಜೆ ಬೋರಲು ಹಾಕಿದರೆ ಬೆಳಿಗ್ಗೆಗೆ ಗೆದ್ದಲು ಮುತ್ತಿರುತ್ತದೆ. ಅದನ್ನು ಮರಿಗಳ ಮುಂದೆ ಕೊಡವಿದಾಗ ನೋಡಬೇಕು.

ಇಷ್ಟೆಲ್ಲ ಮಾಡಿ ಬೆಳೆಸಿದ ಮರಿಗಳನ್ನು ಒಂದೇ ವಾರದಲ್ಲಿ ಗುಡಿಸಿಹಾಕುವುದು ರಾಣಿಖೇತ್, ಅಂದರೆ ಕೊಕ್ಕರೆ ರೋಗ. ಹಸಿರು ಭೇದಿ, ಉಸಿರುಕಟ್ಟು, ಕತ್ತು ತಿರುಚುವುದು. ಬಂದ ಮೇಲೆ ಔಷಧಿಯಿಲ್ಲ. ಒಂದು ವರ್ಷ ಸಂತೆಯಿಂದ ತಂದ ಚಂದದ ಹುಂಜವನ್ನು ಅಂದೇ ನಮ್ಮ ಕೋಳಿಗಳೊಂದಿಗೆ ಬಿಟ್ಟೆವು. ಎರಡು ವಾರದೊಳಗೆ ಗೂಡು ಖಾಲಿ. ಹೊಸ ಕೋಳಿಯನ್ನು ಎರಡು ಮೂರು ವಾರ ಬೇರೆ ಕಟ್ಟಿಹಾಕುವ ಪಾಠ ನಮಗೆ ಬಂದದ್ದು ಹಾಗೆ.

ಲಸಿಕೆ ಇದೆ. 5-7ನೆಯ ದಿನ ಕಣ್ಣಿಗೋ ಮೂಗಿಗೋ ಒಂದು ಹನಿ ಲಸೋಟಾ ಅಥವಾ ಎಫ್-1. ಎಂಟನೆಯ ವಾರದ ಹೊತ್ತಿಗೆ ಆರ್-2-ಬಿ ಚುಚ್ಚುಮದ್ದು. ಕೋಳಿ ಸಿಡುಬಿನ ಲಸಿಕೆಯನ್ನು ಯಾವಾಗ ಹಾಕಿಸಬೇಕೆಂದು ಪಶುವೈದ್ಯರನ್ನೇ ಕೇಳಿ. ತೊಡಕಿರುವುದು ಲಸಿಕೆಯ ಸೀಸೆಯಲ್ಲಿ. ಒಂದೊಂದು ಸೀಸೆಯಲ್ಲೂ ನೂರು, ಇನ್ನೂರು ಕೋಳಿಗಾಗುವಷ್ಟು ಮದ್ದು ಇರುತ್ತದೆ. ಕಲಸಿದ ಮೇಲೆ ಅದನ್ನು ಮಂಜುಗಡ್ಡೆಯ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಿಮ್ಮ ಮನೆಯ ಎಂಟು ಮರಿಗಾಗಿ ಅದನ್ನು ಒಡೆಯಲು ಯಾರಿಗೂ ಮನಸ್ಸು ಬಾರದು. ಆದ್ದರಿಂದ ಕೋಳಿ ಕೂರಿಸುವ ಮುನ್ನವೇ ಕೇರಿಯ ನಾಲ್ಕೈದು ಮನೆಯ ಹೆಂಗಸರು ಮಾತಾಡಿಕೊಂಡು ಒಂದೇ ವಾರದಲ್ಲಿ ಕೂರಿಸಿ. ಮರಿಗಳು ಒಟ್ಟಿಗೆ ಹೊರಬರುತ್ತವೆ, ಲಸಿಕೆಯ ದಿನವೂ ಒಂದೇ ಆಗುತ್ತದೆ. ಹೊರಟವರು ಒಬ್ಬರೇ ಸಾಕು. ಆಸ್ಪತ್ರೆಗೆ ಹೋಗುವಾಗ ಮಂಜುಗಡ್ಡೆ ಹಾಕಿದ ಫ್ಲಾಸ್ಕು ಮರೆಯದೆ ಒಯ್ಯಿರಿ, ಬೆಳಗಿನ ತಂಪು ಹೊತ್ತಿನಲ್ಲಿ ಮರಳಿ ಬನ್ನಿ.