ಶಾಲೆಯ ಪಂಕ್ತಿಯಲ್ಲಿ ರುಚಿಯ ಶಿಕ್ಷಣ

ಬೆಂಗಳೂರಿನಿಂದ ತುಮಕೂರಿನ ಕಡೆಗೂ ಹಾಸನ, ಮಂಗಳೂರುಗಳ ಕಡೆಗೂ ಸಾಗುವ ಹೆದ್ದಾರಿಗಳು ಕವಲೊಡೆಯುವ ನೆಲಮಂಗಲವು ಒಂದು ತಲೆಮಾರಿನ ಹಿಂದಿನವರೆಗೂ ರಾಗಿಯ ಹೊಲಗಳಿಂದಲೂ, ಆ ಹೊಲಗಳ ಅಕ್ಕಡಿ ಸಾಲುಗಳಲ್ಲಿ ಬೆಳೆಯುತ್ತಿದ್ದ ಅವರೆ, ತೊಗರಿ, ಹುಚ್ಚೆಳ್ಳುಗಳಿಂದಲೂ ಆವೃತವಾಗಿದ್ದ ಸೀಮೆ. ಹೊಲಗಳು ಈಗಲೂ ಇಲ್ಲದಿಲ್ಲ. ಆದರೆ ಅವುಗಳ ನಡುನಡುವೆ ಗೋದಾಮುಗಳೂ ಕಾರ್ಖಾನೆಗಳೂ ಬಡಾವಣೆಗಳೂ ತಲೆಯೆತ್ತಿವೆ. ದಾಬಸ್‌ಪೇಟೆಯ ಕಾರ್ಖಾನೆಗೋ ಪೀಣ್ಯದ ಕಡೆಯ ಗಾರ್ಮೆಂಟ್ಸಿಗೋ ಹೊತ್ತು ಮೂಡುವ ಮುನ್ನವೇ ಹೊರಡಬೇಕಾದ ತಾಯಿಗೆ ಒಲೆಯ ಮುಂದೆ ನಿಲ್ಲುವ ವ್ಯವಧಾನವಿಲ್ಲ. ಆದುದರಿಂದ ಎಷ್ಟೋ ಮನೆಗಳಲ್ಲಿ ಬೆಳಗಿನ ಉಪಾಹಾರದ ಸ್ಥಾನವನ್ನು ಮಗುವಿನ ಕೈಗಿಟ್ಟ ಹತ್ತು ರೂಪಾಯಿಯ ನೋಟು ಆಕ್ರಮಿಸಿಕೊಂಡಿದೆ. ಆ ನೋಟು ಶಾಲೆಯ ಬಾಗಿಲಿನ ಗೂಡಂಗಡಿಯಲ್ಲಿ ಕುರುಕಲಿನ ಪೊಟ್ಟಣವಾಗಿ ಮಾರ್ಪಡುತ್ತದೆ. ಇದಕ್ಕಾಗಿ ತಾಯಿಯನ್ನು ದೂಷಿಸುವವರು ಆಕೆಯ ದಿನಚರಿಯನ್ನು ಒಮ್ಮೆ ಕಣ್ಣಾರೆ ಕಾಣಬೇಕು.

ಪೊಟ್ಟಣದ ತಿಂಡಿಯಲ್ಲಿ ಹೆಚ್ಚಾಗಿರುವುದು ಉಪ್ಪು, ಎಣ್ಣೆ ಮತ್ತು ಪಿಷ್ಟ. ಅಲ್ಲಿ ಕೊರತೆಯಾಗಿರುವುದು ಬೆಳೆಯುವ ದೇಹಕ್ಕೆ ಬೇಕಾದ ಉಳಿದೆಲ್ಲವೂ. ತಂಪುಪಾನೀಯದ ವಿಚಾರ ಇನ್ನೂ ಕಳವಳಕಾರಿ. 300 ಮಿಲಿಲೀಟರಿನ ಒಂದು ಸೀಸೆಯಲ್ಲಿ ಸುಮಾರು 30 ಗ್ರಾಂ ಸಕ್ಕರೆಯಿರುತ್ತದೆ. ನಿತ್ಯದ ಶಕ್ತಿಯಲ್ಲಿ ಹೀಗೆ ಬೆರೆಸಿದ ಸಕ್ಕರೆಯ ಪಾಲು ನೂರಕ್ಕೆ 10ನ್ನು ಮೀರಬಾರದೆಂದೂ, 5ರ ಒಳಗಿದ್ದರೆ ಇನ್ನೂ ಲೇಸೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ನೀಡಿತು. ದಿನಕ್ಕೆ 2,000 ಕ್ಯಾಲೊರಿ ಬೇಕಾಗುವ ಬಾಲಕನಿಗೆ ಈ ಎರಡನೆಯ ಮಿತಿಯೆಂದರೆ ಕೇವಲ 25 ಗ್ರಾಂ. ಒಂದೇ ಸೀಸೆ ಅದನ್ನು ದಾಟಿಬಿಡುತ್ತದೆ. ಶಾಲೆಯ ಆವರಣದಲ್ಲಿಯೂ ಅದರಿಂದ 50 ಮೀಟರ್ ಅಂತರದೊಳಗೂ ಕೊಬ್ಬು, ಉಪ್ಪು, ಸಕ್ಕರೆಗಳು ಮಿತಿಮೀರಿದ ಪದಾರ್ಥಗಳನ್ನು ಮಾರಕೂಡದೆಂದು ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿ ಹೇಳುತ್ತದೆ. 2024ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರವು ಬಾಂಬೆ ಮಿಠಾಯಿ, ಗೋಬಿ ಮಂಚೂರಿಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಇವೆರಡೂ ಸ್ತುತ್ಯವಾದ ಕ್ರಮಗಳೇ. ಆದರೆ 50 ಮೀಟರ್ ಎಂಬುದು ಓಡುವ ಮಗುವಿನ ಕಾಲಿಗೆ ಎಷ್ಟು ದೂರ? ನಿಷೇಧವು ಕೆಟ್ಟದ್ದನ್ನು ಸ್ವಲ್ಪ ಆಚೆಗೆ ತಳ್ಳಬಲ್ಲುದೇ ಹೊರತು ಒಳ್ಳೆಯದರಲ್ಲಿ ಅಭಿರುಚಿಯನ್ನು ಹುಟ್ಟಿಸಲಾರದು.

ಆ ಅಭಿರುಚಿ ಹುಟ್ಟುವ ಬಗೆಯನ್ನು ವಿದ್ವಾಂಸರು ಪರಿಶೀಲಿಸಿದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಆನ್ ಬರ್ಚ್ 1980ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಒಂದು ತರಕಾರಿಯನ್ನು ಒಲ್ಲದ ಎಳೆಯ ಮಗುವನ್ನು ಅದನ್ನೇ ಮೆಚ್ಚಿ ತಿನ್ನುವ ಜೊತೆಗಾರರ ನಡುವೆ ಕೆಲವು ದಿನ ಊಟಕ್ಕೆ ಕೂರಿಸಿದಾಗ, ಯಾರೂ ಬೋಧಿಸದೆ, ಯಾರೂ ಗದರಿಸದೆ, ಆ ಮಗುವಿನ ಆಯ್ಕೆಯೂ ಅತ್ತ ಹೊರಳಿತು. ಹೊಸ ತಿನಿಸನ್ನು ಹತ್ತು ಹದಿನೈದು ಸಲ ಸವಿದ ಮೇಲೆಯೇ ಮಕ್ಕಳು ಒಲಿಯುವುದುಂಟೆಂದೂ, "ಪಲ್ಯ ತಿಂದರೆ ಚಾಕೊಲೇಟ್ ಕೊಡುತ್ತೇನೆ" ಎಂಬ ಆಮಿಷದಿಂದ ಪಲ್ಯದ ಮೇಲಣ ಅರುಚಿ ಬೆಳೆಯುವ ಸಂಭವವೇ ಹೆಚ್ಚೆಂದೂ ಈ ಬಗೆಯ ಅಧ್ಯಯನಗಳು ತೋರಿಸಿವೆ. ಹಾಗಾದರೆ ರುಚಿಯನ್ನು ಕಲಿಸಲು ಶಾಲೆಯ ಊಟದ ಪಂಕ್ತಿಗಿಂತ ಪ್ರಶಸ್ತವಾದ ಸ್ಥಳ ಬೇರೊಂದಿಲ್ಲ. ಪಾಠದ ಪುಸ್ತಕದಲ್ಲಿ ಜೀವಸತ್ತ್ವಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ, ಗುರುಗಳು ಅದೇ ಪಂಕ್ತಿಯಲ್ಲಿ ಕುಳಿತು ಅದೇ ಸಾರನ್ನು ಪ್ರೀತಿಯಿಂದ ಉಣ್ಣುವುದು ನೂರ್ಮಡಿ ಫಲಕಾರಿಯೆಂದು ನಾನು ದೃಢವಾಗಿ ನಂಬುತ್ತೇನೆ.

ನಮ್ಮಲ್ಲಿ ಆ ಪಂಕ್ತಿ ಸಿದ್ಧವಾಗಿಯೇ ಇದೆ. ಹಿಂದೆ ಶಾಲೆಗಳಲ್ಲಿ ಹಂಚುತ್ತಿದ್ದ ಕೇರ್ ಸಂಸ್ಥೆಯ ಹಾಲಿನಪುಡಿಯನ್ನೂ ಉಪ್ಪಿಟ್ಟನ್ನೂ ನೆನೆಯುವ ಹಿರಿಯರು ಇನ್ನೂ ಇದ್ದಾರೆ. ಬೇಯಿಸಿದ ಊಟವನ್ನೇ ಶಾಲೆಯಲ್ಲಿ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿ ಆಜ್ಞಾಪಿಸಿದ ತರುವಾಯ, 2002ರಲ್ಲಿ ರಾಜ್ಯದ ಈಶಾನ್ಯದ 7 ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ವ್ಯಾಪಿಸಿತು. 2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂದು 150 ಮಿಲಿಲೀಟರ್ ಹಾಲನ್ನು ತಂದಿತು; ಆಮೇಲೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಬಂದವು. ಕಿರಿಯ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂಬುದು ಈ ಊಟಕ್ಕೆ ನಿಗದಿಯಾದ ಪ್ರಮಾಣ. ಸಾರಿನಲ್ಲಿ ಕರಗಿಹೋಗುವ ಆ 50 ಗ್ರಾಮಿನ ಮೇಲೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಕಣ್ಣಿರಬೇಕು. ಶಾಲೆಯ ಕೈತೋಟದಲ್ಲಿ ನಾಲ್ಕು ಪಾತಿ ದಂಟು, ಹರಿವೆ, ಬೇಲಿಯ ಬದಿಗೆ ಎರಡು ನುಗ್ಗೆಮರಗಳಿದ್ದರೆ, ತಾನೇ ನೀರೆರೆದ ಸೊಪ್ಪನ್ನು ಬಸ್ಸಾರಿನಲ್ಲಿ ಕಂಡ ಮಗು ಅದನ್ನು ತಟ್ಟೆಯಂಚಿಗೆ ಸರಿಸುವುದು ಅಪರೂಪ. ಸೊಪ್ಪಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ: ರಾಜ್ಯದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಮಿಕ್ಕವರು ರಕ್ತಹೀನರೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕಂಡಿತು. ಆ ಮಕ್ಕಳೇ ಇಂದು ಶಾಲೆಯ ಬೆಂಚಿನ ಮೇಲೆ ಕುಳಿತಿದ್ದಾರೆ. ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿದರೆ ಅದರ ಕಬ್ಬಿಣಾಂಶ ರಕ್ತಕ್ಕೆ ಸುಲಭವಾಗಿ ಸೇರುತ್ತದೆ. ಊಟದ ಜೊತೆಗೆ ಕುಡಿದ ಚಹಾ ಅದನ್ನು ತಡೆಯುತ್ತದೆ.

ನೀರಿನ ಸಂಗತಿಯನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ಮಕ್ಕಳಿಗೆ ನೀರು ಕುಡಿಯುವುದನ್ನು ನೆನಪಿಸಲು ಪ್ರತ್ಯೇಕ ಗಂಟೆ ಬಾರಿಸುವ ಪದ್ಧತಿ 2019ರಲ್ಲಿ ಕೇರಳದ ಶಾಲೆಗಳಲ್ಲಿ ಹೆಸರಾಗಿ, ನಮ್ಮ ರಾಜ್ಯದಲ್ಲಿಯೂ ಪ್ರಸ್ತಾಪಕ್ಕೆ ಬಂದಿತು. ಗಂಟೆ ಬಾರಿಸುವುದು ಸುಲಭ. ಆದರೆ ಶೌಚಾಲಯ ಶುಚಿಯಾಗಿಲ್ಲದ ಕಡೆ ಹೆಣ್ಣುಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಬೇಕೆಂದೇ ಬಾಯಾರಿಕೆಯನ್ನು ಸಹಿಸಿಕೊಂಡಿರುತ್ತಾರೆ. ಆದುದರಿಂದ ನೀರಿನ ಅಭ್ಯಾಸ ಶೌಚಾಲಯದಿಂದಲೇ ಮೊದಲಾಗಬೇಕು.

ಕಡೆಗೆ ರಾಗಿ. ಶ್ರೀರಾಮನ ಸಮ್ಮುಖದಲ್ಲಿ ಅಕ್ಕಿಯೊಡನೆ ವಾದಿಸಿ ರಾಗಿ ಗೆದ್ದ ಕಥೆಯನ್ನು ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ಹೇಳಿದರು; ಇಂದಿನ ರಸಾಯನಶಾಸ್ತ್ರ ಆ ತೀರ್ಪನ್ನು ಸಮರ್ಥಿಸುವಂತಿದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಅಷ್ಟೇ ಅಕ್ಕಿಯಲ್ಲಿರುವುದು 10 ಮಿಲಿಗ್ರಾಮಿನ ಆಸುಪಾಸು. ಹೀಗಿದ್ದೂ ರಾಗಿಯ ಸೀಮೆಯ ಶಾಲೆಗಳಲ್ಲಿ ಬಹುಕಾಲ ಅನ್ನವೇ ಮಧ್ಯಾಹ್ನದ ಊಟವಾಗಿತ್ತು. 2024ರ ಫೆಬ್ರವರಿಯಲ್ಲಿ, ವಾರಕ್ಕೆ ಮೂರು ದಿನ ಹಾಲಿನೊಡನೆ ರಾಗಿ ಮಾಲ್ಟ್ ಕೊಡುವ ಕಾರ್ಯಕ್ರಮ ಆರಂಭವಾದಾಗ, ಈ ಧಾನ್ಯಕ್ಕೆ ಶಾಲೆಯೊಳಗೆ ಸಲ್ಲಬೇಕಾದ ಮರ್ಯಾದೆ ತಡವಾಗಿಯಾದರೂ ಸಂದಿತು.

ಮನೆಗೂ ರಾಗಿ ಮರಳಿ ಬರಲು, ಹೊತ್ತಿಲ್ಲದ ತಾಯಂದಿರಿಗೆ ನಮ್ಮ ಅಜ್ಜಿಯರ ಹುರಿಹಿಟ್ಟಿಗಿಂತ ದೊಡ್ಡ ಆಸರೆಯಿಲ್ಲ. ರಾಗಿಗೆ ಮಜ್ಜಿಗೆನೀರು ಚಿಮುಕಿಸಿ ರಾತ್ರಿಯಿಡೀ ಬಿಟ್ಟು, ಕಾದ ಮರಳಿನಲ್ಲಿ ಅರಳು ಹುರಿದು, ಮರಳನ್ನು ಚೆನ್ನಾಗಿ ಜರಡಿಯಾಡಿ, ಹುರಿಗಡಲೆ ಸೇರಿಸಿ ಗಿರಣಿಯಲ್ಲಿ ಬೀಸಿಸಿದ ಈ ಹಿಟ್ಟು ಮುಚ್ಚಿದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡದೆ ನಿಲ್ಲುತ್ತದೆ. ಭಾನುವಾರದ ಒಂದು ಬೆಳಗಿನ ಶ್ರಮವಷ್ಟೆ. ಉಳಿದ ದಿನಗಳಲ್ಲಿ ಒಲೆ ಹೊತ್ತಿಸದೆ, ಮೂರು ಚಮಚ ಹಿಟ್ಟಿಗೆ ಬೆಲ್ಲದ ಪುಡಿ, ಕಾಯಿತುರಿ, ಒಂದಿಷ್ಟು ಹಾಲು ಹಾಕಿ ಕಲಸಿದರೆ, ಎಂಟು ವರ್ಷದ ಮಗುವೂ ತನ್ನ ಉಪಾಹಾರವನ್ನು ತಾನೇ ಸಿದ್ಧಪಡಿಸಿಕೊಂಡು ತಿಂದು ಶಾಲೆಗೆ ಹೋಗಬಹುದು.