ಮಿಡಿತದ ಅಗಲ: ಹೊಸ ಮೈಕ್ರೊಕಂಟ್ರೋಲರುಗಳಲ್ಲಿ ಕಾಲನಿಯಂತ್ರಣದ ಬೆಳವಣಿಗೆ

ವಿದ್ಯುತ್ತಿನ ಪ್ರಮಾಣವನ್ನು ಹೆಚ್ಚು ಕಡಮೆ ಮಾಡಲು ಎರಡು ಮಾರ್ಗಗಳುಂಟು. ನಡುವೆ ತಡೆಯೊಂದನ್ನಿಟ್ಟು ಹರಿವನ್ನು ಕುಗ್ಗಿಸುವುದು ಮೊದಲನೆಯದು; ಇಲ್ಲಿ ಶಕ್ತಿಯ ಒಂದು ಭಾಗ ಶಾಖವಾಗಿ ವ್ಯರ್ಥವಾಗುತ್ತದೆ. ಹರಿವನ್ನು ಪೂರ್ಣವಾಗಿ ಬಿಟ್ಟು, ಮತ್ತೆ ಪೂರ್ಣವಾಗಿ ನಿಲ್ಲಿಸಿ, ಹೀಗೆ ಸೆಕೆಂಡಿಗೆ ಸಾವಿರಾರು ಸಲ ಮಾಡುವುದು ಎರಡನೆಯದು. ಒಂದೊಂದು ಆವರ್ತದಲ್ಲಿ ಬಿಟ್ಟ ಕಾಲದ ಪಾಲೆಷ್ಟೋ ಸರಾಸರಿ ವೋಲ್ಟೇಜೂ ಅಷ್ಟೇ ಪಾಲು ಆಗುತ್ತದೆ. ಪಲ್ಸ್ ವಿಡ್ತ್ ಮಾಡ್ಯುಲೇಷನ್ ಎಂಬ ಹೆಸರಿನ ಈ ಕ್ರಮವನ್ನು ಕನ್ನಡದಲ್ಲಿ ಮಿಡಿತದ ಅಗಲದ ನಿಯಂತ್ರಣವೆಂದು ಕರೆಯಬಹುದು. ಎಲ್‌ಇಡಿ ದೀಪದ ಬೆಳಕು, ಬಿಎಲ್‌ಡಿಸಿ ಪಂಖೆಯ ವೇಗ, ಸೌರ ಇನ್ವರ್ಟರಿನ ವಿದ್ಯುತ್ತು, ಬ್ಯಾಟರಿ ವಾಹನದ ಓಟ ಮೊದಲಾದುವೆಲ್ಲ ಇದನ್ನೇ ಆಶ್ರಯಿಸಿವೆ.

ಈ ಕೆಲಸವನ್ನು ಮಾಡುವ ಯಂತ್ರಾಂಗದ ರಚನೆ ಸರಳವಾದುದು. ಗಡಿಯಾರದ ಪ್ರತಿ ಸ್ಪಂದಕ್ಕೂ ಒಂದೊಂದು ಸಂಖ್ಯೆ ಏರುವ ಕೌಂಟರು ಒಂದು. ಅದರೊಡನೆ ಹೋಲಿಸಿ ನೋಡಬೇಕಾದ ಸಂಖ್ಯೆಯನ್ನು ಇಟ್ಟುಕೊಂಡ ರಿಜಿಸ್ಟರು ಇನ್ನೊಂದು. ಎಣಿಕೆ ಈ ಸಂಖ್ಯೆಯನ್ನು ಮುಟ್ಟುವವರೆಗೆ ಸ್ವಿಚ್ಚು ತೆರೆದ ಹಾದಿ. ಮುಟ್ಟಿದೊಡನೆ ಹಾದಿ ಮುಚ್ಚುತ್ತದೆ. ಎಣಿಕೆ ತನ್ನ ಗರಿಷ್ಠವನ್ನು ತಲುಪಿ ಶೂನ್ಯಕ್ಕೆ ಮರಳಿದಾಗ ಹೊಸ ಆವರ್ತ ಆರಂಭವಾಗುತ್ತದೆ. ಈ ಸರಳ ರಚನೆಯಲ್ಲಿಯೇ ಒಂದು ತೊಡಕು ಅಡಗಿದೆ. ಆವರ್ತಗಳ ಸಂಖ್ಯೆ ಹೆಚ್ಚಿದಷ್ಟೂ ಒಂದು ಆವರ್ತದೊಳಗಿನ ಮೆಟ್ಟಿಲುಗಳ ಸಂಖ್ಯೆ ಕುಗ್ಗುತ್ತದೆ. ಇವೆರಡರ ಗುಣಲಬ್ಧ ಗಡಿಯಾರದ ವೇಗವನ್ನು ಮೀರಲಾರದು.

2010ರಲ್ಲಿ ಬಂದ ಆರ್ಡುಯಿನೊ ಯೂನೊ ಎಂಬ ಪ್ರಸಿದ್ಧ ಫಲಕದಲ್ಲಿನ ಎಟಿಮೆಗಾ328ಪಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಗಡಿಯಾರದ ವೇಗ ಸೆಕೆಂಡಿಗೆ 1 ಕೋಟಿ 60 ಲಕ್ಷ ಸ್ಪಂದ. ಮನುಷ್ಯನ ಕಿವಿಗೆ ಮೋಟಾರಿನ ಗುಂಯ್‌ಗುಡುವಿಕೆ ಕೇಳಿಸದಿರಲೆಂದು ಸೆಕೆಂಡಿಗೆ 20,000 ಆವರ್ತಗಳನ್ನು ಇಟ್ಟರೆ 800 ಮೆಟ್ಟಿಲುಗಳು ದೊರೆಯುತ್ತವೆ; ಇದು ಸಾಕು. ಆದರೆ ವೋಲ್ಟೇಜನ್ನು ಇಳಿಸುವ ಆಧುನಿಕ ಪರಿವರ್ತಕದಲ್ಲಿ 5 ಲಕ್ಷ ಆವರ್ತಗಳು ಬೇಕೆಂದರೆ ಉಳಿಯುವ ಮೆಟ್ಟಿಲುಗಳು 32 ಮಾತ್ರ. 12 ವೋಲ್ಟಿನಿಂದ 5 ವೋಲ್ಟನ್ನು ಪಡೆಯಬೇಕಾದಾಗ 13ನೆಯ ಮೆಟ್ಟಿಲು 4.875 ವೋಲ್ಟನ್ನೂ 14ನೆಯದು 5.25 ವೋಲ್ಟನ್ನೂ ಕೊಡುತ್ತವೆ; ಬೇಕಾದ ಬೆಲೆ ಇವೆರಡರ ನಡುವೆ ಸಿಕ್ಕಿಬೀಳುತ್ತದೆ. ನಿಯಂತ್ರಕವು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಜಿಗಿಯುತ್ತ ನೆಲೆಗೊಳ್ಳದೆ ಉಳಿಯುತ್ತದೆ.

ಹೊಸ ಮೈಕ್ರೊಕಂಟ್ರೋಲರುಗಳು ಸಾಧಿಸಿದ ಮೊದಲ ಸುಧಾರಣೆ ಇಲ್ಲಿಯದು. 2019ರ ಎಸ್‌ಟಿಎಂ32ಜಿ474ರ ಗಡಿಯಾರ ಸೆಕೆಂಡಿಗೆ 17 ಕೋಟಿ ಸ್ಪಂದಗಳದು. ಅದರಲ್ಲಿ ಸೂಕ್ಷ್ಮ ಕಾಲಮಾಪಕವೊಂದಿದ್ದು, ಅದು ಒಂದೊಂದು ಸ್ಪಂದವನ್ನೂ 32 ಸಮಭಾಗಗಳಾಗಿ ಒಡೆಯುತ್ತದೆ. ಗಡಿಯಾರವನ್ನೇ 32 ಪಟ್ಟು ವೇಗವಾಗಿ ಓಡಿಸಿದರೆ ಶಾಖವೂ ವೆಚ್ಚವೂ ಮಿತಿಮೀರುತ್ತವೆ. ಆದುದರಿಂದ ಸಂಕೇತವನ್ನು ಸಣ್ಣ ಸಣ್ಣ ವಿಳಂಬಗಳ ಸರಪಣಿಯ ಮೂಲಕ ಹಾಯಿಸಿ, ಬೇಕಾದ ಕೊಂಡಿಯಿಂದ ಅದನ್ನು ತೆಗೆದುಕೊಳ್ಳುವ ಉಪಾಯವನ್ನು ಅನುಸರಿಸಲಾಗಿದೆ. ಉಷ್ಣತೆ ಬದಲಾದಂತೆ ಈ ವಿಳಂಬಗಳೂ ಬದಲಾಗುವುದರಿಂದ ಯಂತ್ರಾಂಗವೇ ಅವನ್ನು ಆಗಾಗ ಅಳೆದು ಸರಿಪಡಿಸಿಕೊಳ್ಳುತ್ತದೆ. ಇದರ ಫಲವಾಗಿ ದೊರೆಯುವ ಮೆಟ್ಟಿಲು 184 ಪಿಕೊಸೆಕೆಂಡಿನದು. ಅಷ್ಟು ಕಾಲದಲ್ಲಿ ಬೆಳಕು ಚಲಿಸುವುದು ಸುಮಾರು ಐದೂವರೆ ಸೆಂಟಿಮೀಟರ್ ಮಾತ್ರ. ಹಿಂದೆ 32 ಮೆಟ್ಟಿಲುಗಳಿದ್ದ ಕಡೆ ಈಗ 10,880. ಮೇಲಣ ಉದಾಹರಣೆಯಲ್ಲಿ ಮೆಟ್ಟಿಲಿನ ಎತ್ತರ 0.375 ವೋಲ್ಟಿನಿಂದ ಸುಮಾರು 0.0011 ವೋಲ್ಟಿಗೆ ಇಳಿಯುತ್ತದೆ.

ಎರಡನೆಯದು ಬದಲಾವಣೆಯ ಶಿಸ್ತು. ಎಣಿಕೆ ನಡೆಯುತ್ತಿರುವಾಗಲೇ ಹೋಲಿಕೆಯ ಸಂಖ್ಯೆಯನ್ನು ತಿದ್ದಿದರೆ ಆ ಆವರ್ತದ ಮಿಡಿತ ಅರ್ಧ ಹಳೆಯದು, ಅರ್ಧ ಹೊಸದು ಆಗಿ ವಿಕಾರಗೊಳ್ಳಬಹುದು. ಖಾತೆಯ ಪುಟವನ್ನು ದಿನದ ನಡುವೆ ತಿದ್ದದೆ, ತಿದ್ದುಪಡಿಯನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟು ಮರುದಿನದ ಆರಂಭದಲ್ಲಿ ಏರಿಸುವಂತೆ, ಹೊಸ ಸಂಖ್ಯೆಯನ್ನು ನೆರಳಿನ ರಿಜಿಸ್ಟರಿನಲ್ಲಿಟ್ಟು ಮುಂದಿನ ಆವರ್ತದ ಆರಂಭದಲ್ಲಿ ಜಾರಿಗೆ ತರುವ ಪದ್ಧತಿಯುಂಟು. ಎಟಿಮೆಗಾದಲ್ಲಿಯೂ ಇದು ಇತ್ತು. ಹೊಸ ಯಂತ್ರಗಳಲ್ಲಿ ಹಲವು ಕಾಲಮಾಪಕಗಳನ್ನು ಒಟ್ಟಿಗೆ ಆರಂಭಿಸಿ, ಒಂದೇ ಕ್ಷಣದಲ್ಲಿ ಬದಲಾಯಿಸುವ ಅನುಕೂಲ ವಿಸ್ತರಿಸಿದೆ. ಮೂರು ಹಂತಗಳ ಮೋಟಾರನ್ನು ನಡೆಸುವವರಿಗೆ ಇದರ ಬೆಲೆ ತಿಳಿದಿದೆ.

ಮೂರನೆಯದು ರಕ್ಷಣೆ, ಎಲ್ಲಕ್ಕಿಂತ ಮಹತ್ತ್ವದ್ದು ಇದೇ. ಬಿಎಲ್‌ಡಿಸಿ ಪಂಖೆಯ ಮಂಡಲದಲ್ಲಿ ಮೂರು ಜೋಡಿ ಸ್ವಿಚ್ಚುಗಳಿರುತ್ತವೆ. ಪ್ರತಿ ಜೋಡಿಯಲ್ಲಿ ಒಂದು ಮೇಲಣ ತಂತಿಗೆ, ಇನ್ನೊಂದು ಕೆಳಗಣ ತಂತಿಗೆ ಸೇರಿದುದು. ಎರಡೂ ಏಕಕಾಲದಲ್ಲಿ ವಿದ್ಯುತ್ತನ್ನು ಹಾಯಿಸಿದರೆ ಮೂಲವೇ ನೇರವಾಗಿ ಕೂಡಿಕೊಂಡಂತಾಗಿ, ಸ್ವಿಚ್ಚುಗಳು ಕ್ಷಣಾರ್ಧದಲ್ಲಿ ಸುಟ್ಟುಹೋಗಬಹುದು. ಯಾವ ಸ್ವಿಚ್ಚೂ ಆಜ್ಞೆಯಾದೊಡನೆ ನಿಲ್ಲುವುದಿಲ್ಲ. ನಿಲ್ಲಲು ಅದಕ್ಕೆ ಅಲ್ಪಕಾಲ ಬೇಕು. ಆದ್ದರಿಂದ ಒಂದನ್ನು ನಿಲ್ಲಿಸಿ ಇನ್ನೊಂದನ್ನು ಆರಂಭಿಸುವ ನಡುವೆ ಮೌನಕಾಲವೊಂದನ್ನು ಬಿಡಬೇಕಾಗುತ್ತದೆ. ಎಟಿಮೆಗಾ328ಪಿಯಲ್ಲಿ ಇದಕ್ಕೆಂದು ಪ್ರತ್ಯೇಕ ಅಂಗವಿಲ್ಲ. ಕಾರ್ಯಕ್ರಮ ಬರೆಯುವವನೇ ಎರಡು ಸಂಖ್ಯೆಗಳ ನಡುವೆ ಅಂತರವನ್ನು ಕಾಯಬೇಕು. ಎಸ್‌ಟಿಎಂ32 ವರ್ಗದ ಮೇಲ್ದರ್ಜೆಯ ಕಾಲಮಾಪಕಗಳು ಈ ಅಂತರವನ್ನು ತಾವೇ ಸೇರಿಸುತ್ತವೆ. ಅಷ್ಟೇ ಅಲ್ಲ, ಪ್ರವಾಹ ಮಿತಿಮೀರಿತೆಂಬ ಸೂಚನೆ ಬಂದೊಡನೆ ಕಾರ್ಯಕ್ರಮದ ಅಪ್ಪಣೆಗೂ ಗಡಿಯಾರದ ಸ್ಪಂದಕ್ಕೂ ಕಾಯದೆ ಸ್ವಿಚ್ಚುಗಳನ್ನು ಮೊದಲೇ ಗೊತ್ತುಮಾಡಿದ ಸುರಕ್ಷಿತ ಸ್ಥಿತಿಗೆ ತರಬಲ್ಲುವು. ಈ ಏರ್ಪಾಡುಗಳನ್ನು ಮುಂದೆ ಕಾರ್ಯಕ್ರಮವು ತಪ್ಪಿ ಅಳಿಸದಂತೆ ಬೀಗ ಹಾಕುವ ಸೌಲಭ್ಯವೂ ಇದೆ. ಯಂತ್ರವನ್ನು ಮರಳಿ ಆರಂಭಿಸುವವರೆಗೆ ಆ ಬೀಗ ತೆರೆಯದು.

ಹೊಸದೆಲ್ಲವೂ ಈ ಮೂರು ಗುಣಗಳನ್ನೂ ಪಡೆದಿದೆಯೆಂದು ತಿಳಿಯಲಾಗದು. 2021ರ ಆರ್‌ಪಿ2040 ಅಗ್ಗವಾದ ಯಂತ್ರ. ಅದರಲ್ಲಿ 16 ಮಿಡಿತದ ಹಾದಿಗಳಿವೆ. 2024ರ ಆರ್‌ಪಿ2350ರಲ್ಲಿ ಅವು 24 ಆದುವು. ದೀಪಗಳಿಗೂ ಸಣ್ಣ ಮೋಟಾರುಗಳಿಗೂ ಇದು ಸಮೃದ್ಧಿಯೇ ಸರಿ. ಆದರೆ ಎಸ್‌ಟಿಎಂ32ರಲ್ಲಿರುವ ತುರ್ತು ನಿಲುಗಡೆಯ ಅಂಗ ಅವುಗಳ ಮಿಡಿತಯಂತ್ರದಲ್ಲಿಲ್ಲ. ಹಾದಿಗಳ ಎಣಿಕೆಯೊಂದನ್ನೇ ನೋಡಿ ಭಾರಿ ಮೋಟಾರಿಗೆ ಇವನ್ನು ಜೋಡಿಸುವವನು ಹೊರಗಿನಿಂದ ರಕ್ಷಣೆಯನ್ನು ಒದಗಿಸಬೇಕಾಗುತ್ತದೆ.

ಈ ಬೆಳವಣಿಗೆಯ ತಾತ್ಪರ್ಯವನ್ನು ವೇಗದಿಂದ ಮಾತ್ರ ಅಳೆಯುವುದು ಉಚಿತವಲ್ಲ. ಕಾರ್ಯಕ್ರಮ ಎಷ್ಟೇ ಎಚ್ಚರದಿಂದ ಬರೆದುದಾದರೂ ಎಲ್ಲಿಯೋ ತಡೆದು ನಿಲ್ಲುವ ಸಂಭವವುಂಟು. ಅಂಥ ಗಳಿಗೆಯಲ್ಲಿ ಸ್ವಿಚ್ಚುಗಳ ಹೊಣೆಯನ್ನು ಯಾರು ಹೊರಬೇಕೆಂಬ ಪ್ರಶ್ನೆಗೆ ಹೊಸ ಯಂತ್ರಾಂಗಗಳು ಉತ್ತರ ಕೊಟ್ಟಿವೆ. ಆದರೂ ಮೌನಕಾಲ ಎಷ್ಟಿರಬೇಕು, ಪ್ರವಾಹದ ಮಿತಿ ಯಾವುದು ಎಂಬುದನ್ನು ಸ್ವಿಚ್ಚಿನ ಗುಣವನ್ನು ಅರಿತು ಮನುಷ್ಯನೇ ನಿರ್ಣಯಿಸಬೇಕು. ಮೌನ ಕಡಮೆಯಾದರೆ ಸ್ವಿಚ್ಚು ಸುಡುತ್ತದೆ. ಹೆಚ್ಚಾದರೆ ಅಲೆಯ ರೂಪ ಕೆಡುತ್ತದೆ. ಒಮ್ಮೆ ಕೈಗೊಂಡ ನಿರ್ಣಯವನ್ನು ತಪ್ಪದೆ ಪಾಲಿಸುವುದಷ್ಟೇ ಯಂತ್ರದ ಪಾಲಿಗೆ ಬಂದ ಕೆಲಸ.